ತಪ್ಪನ್ನು ಹೇಳುವವರು ಯಾರು?

ಕಳೆದ ಎರಡೂವರೆ ವರ್ಷಗಳಿಂದ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಶಾಲೆ ನಡೆಯುತ್ತಿದೆ. ಅದಕ್ಕೆ ಗಂಟೆಯಿಲ್ಲ, ಹಾಜರಿ ಪುಸ್ತಕವಿಲ್ಲ, ಬೆಂಚುಗಳಿಲ್ಲ. ವಿದ್ಯಾರ್ಥಿಗಳು ಇಬ್ಬರು: ಐದು ವರ್ಷ ಎಂಟು ತಿಂಗಳಿನ ಮಗಳು, ಮೂರು ವರ್ಷ ತುಂಬಿದ ಮಗ. ಉಪಾಧ್ಯಾಯನು ನಾನು. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಭೌತಶಾಸ್ತ್ರ ಹೇಳುವವನು. ನನ್ನ ಪತ್ನಿ ಬೆಳಗ್ಗೆ ಒಂಬತ್ತಕ್ಕೆಲ್ಲ ಬ್ಯಾಂಕಿಗೆ ಹೊರಡಬೇಕಾದವಳು. ಹೀಗಾಗಿ ಬೆಳಗಿನ ಹೊತ್ತು ಮಕ್ಕಳು ನನ್ನ ಪಾಲಿಗೆ. ಗಂಡಸೊಬ್ಬನು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವುದೇ ನಮ್ಮ ಬೀದಿಯವರಿಗೆ ಒಂದು ಸೋಜಿಗ. ಆ ಮಕ್ಕಳನ್ನು ನರ್ಸರಿಗೂ ಕಳುಹಿಸದೆ, ಮರದ ತುಂಡುಗಳನ್ನು ಮುಂದಿಟ್ಟುಕೊಂಡು ಚಾಪೆಯ ಮೇಲೆ ಸುಮ್ಮನೆ ಕುಳಿತಿರುವುದು ಅದಕ್ಕಿಂತ ದೊಡ್ಡ ಸೋಜಿಗ. ನಮ್ಮ ತಾಯಿಯವರು ಮೊದಮೊದಲು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು: "ಏನಪ್ಪ, ಊರ ಮಕ್ಕಳಿಗೆಲ್ಲ ಪಾಠ ಹೇಳುತ್ತೀಯೆ, ನಿನ್ನ ಮಕ್ಕಳಿಗೆ ಹೇಳಿಕೊಡದೆ ಹೀಗೆ ನೋಡುತ್ತ ಕೂತರೆ ಹೇಗೆ?"

ಈ ಪತ್ರಿಕೆಯನ್ನು ಓದುವವರು ಬಹುಪಾಲು ವಿದ್ಯಾರ್ಥಿಗಳು. ಮೂರು ವರ್ಷದ ಮಗುವಿನ ಕಲಿಕೆಯ ವಿಚಾರ ನಮಗೇತಕ್ಕೆ ಎಂದು ಅವರು ಕೇಳಬಹುದು. ಕಾರಣವುಂಟು. ಪ್ರಯೋಗಶಾಲೆಯಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ನೀವು ಮಾಡಿರುತ್ತೀರಿ, ಇಲ್ಲವೆ ಮುಂದೆ ಮಾಡುವಿರಿ. ಪ್ರತಿ ವರ್ಷವೂ ಕೆಲವು ಹುಡುಗರಿಗೆ ಉತ್ತರ ೧೦೮೫ರ ಆಸುಪಾಸಿನಲ್ಲಿ ಬರುತ್ತದೆ. ಗಡಿಯಾರವನ್ನು ಚಾಲೂ ಮಾಡುವಾಗ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಕೆ ಆರಂಭಿಸಿರುತ್ತಾರೆ. ಇಪ್ಪತ್ತು ಆಂದೋಲನವೆಂದು ಅವರು ಬರೆದದ್ದು ನಿಜವಾಗಿ ಹತ್ತೊಂಬತ್ತು. ತಪ್ಪು ಸಣ್ಣದು, ಯಾರಾದರೂ ಮಾಡಬಹುದಾದದ್ದು. ನನ್ನನ್ನು ಚಿಂತೆಗೀಡುಮಾಡುವುದು ಅದಲ್ಲ. ಹುಡುಗನು ಪುಸ್ತಕವನ್ನು ತಂದು ನನ್ನ ಮುಂದೆ ಹಿಡಿದು, "ಸರಿಯೇ ಸಾರ್?" ಎಂದು ಕೇಳಿ, ನನ್ನ ಮುಖವನ್ನು ನೋಡುತ್ತಾನೆ. ನನ್ನ ಹುಬ್ಬು ಗಂಟಿಕ್ಕಿದರೆ ಸಾಕು, ಐದು ನಿಮಿಷದಲ್ಲಿ ಉತ್ತರ ೯೮೦ ಆಗಿ ಮರಳಿ ಬರುತ್ತದೆ. ಅಷ್ಟರಲ್ಲಿ ಅವನು ಲೋಲಕವನ್ನು ಮತ್ತೊಮ್ಮೆ ಮುಟ್ಟಿಯೂ ಇರುವುದಿಲ್ಲ! ಇಪ್ಪತ್ತರ ಜೊತೆಗೆ ನಲವತ್ತನ್ನೂ ಎಣಿಸಿ ಎರಡು ಕಾಲಗಳನ್ನು ಹೋಲಿಸಿದ್ದರೆ ಲೋಲಕವೇ ಅವನ ತಪ್ಪನ್ನು ಅವನಿಗೆ ಹೇಳುತ್ತಿದ್ದಿತು. ಆದರೆ ಲೋಲಕವನ್ನು ಕೇಳಬಹುದೆಂಬುದೇ ಅವನಿಗೆ ತಿಳಿಯದು. ಹದಿನೈದು ವರ್ಷ ಅವನು ಕೇಳಿರುವುದು ಮೇಷ್ಟರ ಮುಖವನ್ನು.

ಮಾಂಟೆಸ್ಸೊರಿಯವರ ಪದ್ಧತಿಯತ್ತ ನನ್ನನ್ನು ಎಳೆದದ್ದು ಈ ಒಂದು ಸಂಕಟ. ಮಾರಿಯಾ ಮಾಂಟೆಸ್ಸೊರಿ ೧೮೭೦ರಲ್ಲಿ ಇಟಲಿಯಲ್ಲಿ ಹುಟ್ಟಿ, ೧೮೯೬ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದ ಮಹಿಳೆ. ಬುದ್ಧಿಮಾಂದ್ಯರೆಂದು ಸಮಾಜ ಕೈಬಿಟ್ಟ ಮಕ್ಕಳ ನಡುವೆ ಕೆಲಸಮಾಡುತ್ತ, ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ಯಾಂ ಎಂಬುವರ ಬರಹಗಳನ್ನು ಓದುತ್ತ, ಆಕೆ ಶಿಕ್ಷಣದ ಕಡೆಗೆ ಹೊರಳಿದರು. ೧೯೦೭ರ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ ಆಕೆಯ ಮೊದಲ 'ಮಕ್ಕಳ ಮನೆ' ತೆರೆಯಿತು. ನಮ್ಮ ದೇಶಕ್ಕೂ ಆಕೆಗೂ ನಂಟುಂಟು. ಗುಜರಾತಿನ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲೇ ಭಾವನಗರದಲ್ಲಿ ಈ ಮಾದರಿಯ ಬಾಲಮಂದಿರವನ್ನು ತೆರೆದಿದ್ದರು. ೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಉಪಾಧ್ಯಾಯರ ತರಬೇತಿಗೆಂದು ಬಂದ ಮಾಂಟೆಸ್ಸೊರಿಯವರು, ಮರುವರ್ಷ ಇಟಲಿ ಯುದ್ಧಕ್ಕಿಳಿದುದರಿಂದ ಶತ್ರುದೇಶದ ಪ್ರಜೆಯೆನಿಸಿಕೊಂಡು ಇಲ್ಲಿಯೇ ಉಳಿಯಬೇಕಾಯಿತು. ಅಡ್ಯಾರು, ಕೊಡೈಕಾನಲ್ ಮುಂತಾದೆಡೆ ಎಂದು ೧೯೪೬ರವರೆಗೂ ಆಕೆ ಬಹುಮಟ್ಟಿಗೆ ನಮ್ಮ ದೇಶದಲ್ಲಿಯೇ ಇದ್ದರು. ೧೯೫೨ರಲ್ಲಿ ಹಾಲೆಂಡಿನಲ್ಲಿ ತೀರಿಕೊಂಡರು.

ಆ ಹೆಸರು ಯಾರ ಸ್ವತ್ತೂ ಅಲ್ಲ. ಯಾವ ಶಾಲೆಯಾದರೂ ಹಲಗೆಯ ಮೇಲೆ ಬರೆದುಕೊಳ್ಳಬಹುದು. ಬರೆದುಕೊಂಡು ಒಳಗೆ ಮೂರು ವರ್ಷದ ಮಕ್ಕಳಿಂದ ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿಸುವ ಶಾಲೆಗಳನ್ನು ನಾನು ನಮ್ಮ ಊರಿನಲ್ಲಿಯೇ ಬಲ್ಲೆ. ಇರಲಿ.

ಆಕೆಯ ಉಪಕರಣಗಳಲ್ಲಿ ಬಲು ಪ್ರಸಿದ್ಧವಾದದ್ದು ಗುಲಾಬಿ ಬಣ್ಣದ ಗೋಪುರ. ಹತ್ತು ಮರದ ಘನಗಳು. ದೊಡ್ಡದರ ಅಂಚು ೧೦ ಸೆಂ.ಮೀ., ಚಿಕ್ಕದರದು ೧ ಸೆಂ.ಮೀ. ಮಗು ಒಂದೊಂದನ್ನೇ ಗೂಡಿನಿಂದ ಚಾಪೆಗೆ ಹೊತ್ತು ತಂದು, ದೊಡ್ಡದರ ಮೇಲೆ ಅದಕ್ಕಿಂತ ಚಿಕ್ಕದನ್ನಿರಿಸುತ್ತ ಗೋಪುರ ಕಟ್ಟಬೇಕು. ಇಷ್ಟೇ ಆಟ. ನಮ್ಮ ಮಗನು ಮೊದಲ ದಿನಗಳಲ್ಲಿ ಮಾಡುತ್ತಿದ್ದ ತಪ್ಪುಗಳನ್ನು ನಾನು ಗುರುತು ಹಾಕಿಕೊಂಡೆ. ಅವೆಲ್ಲವೂ ಗೋಪುರದ ಬುಡದಲ್ಲಿ, ದೊಡ್ಡ ಘನಗಳ ನಡುವೆಯೇ. ತುದಿಯ ಚಿಕ್ಕ ಘನಗಳಲ್ಲಿ ಅವನು ತಪ್ಪಿದ್ದೇ ಇಲ್ಲ. ಎರಡು ಕಡೆಯೂ ಅಂಚುಗಳ ಅಂತರ ೧ ಸೆಂ.ಮೀ. ಮಾತ್ರ; ಆದರೂ ಈ ಭೇದವೇಕೆ? ಜರ್ಮನಿಯ ವೆಬರ್ (೧೭೯೫-೧೮೭೮) ಹೇಳಿದ ನಿಯಮವನ್ನು ಅವನು ನನ್ನ ಕಣ್ಣ ಮುಂದೆ ಮಾಡಿ ತೋರಿಸುತ್ತಿದ್ದನು: ನಮ್ಮ ಇಂದ್ರಿಯಗಳು ಗ್ರಹಿಸುವುದು ವ್ಯತ್ಯಾಸವನ್ನಲ್ಲ, ಮೂಲದೊಡನೆ ಆ ವ್ಯತ್ಯಾಸಕ್ಕಿರುವ ಪ್ರಮಾಣವನ್ನು. ಒಂದರಿಂದ ಎರಡಕ್ಕೆ ಹೋದರೆ ಇಮ್ಮಡಿ. ಒಂಬತ್ತರಿಂದ ಹತ್ತಕ್ಕೆ ಹೋದರೆ ಒಂಬತ್ತನೆಯ ಒಂದು ಪಾಲು ಮಾತ್ರ ಹೆಚ್ಚಳ.

ಘನಗಳನ್ನು ಒಂದೊಂದಾಗಿ ಹೊತ್ತೇ ತರಬೇಕೆಂಬ ಕಟ್ಟಳೆ ನನಗೆ ಮೊದಲು ಬರಿಯ ಶಿಸ್ತಾಗಿ ಕಂಡಿತ್ತು. ಒಂದು ದಿನ ಲೆಕ್ಕ ಹಾಕಿದೆ. ನಮ್ಮ ಘನಗಳ ಮರದ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು ೦.೬ ಗ್ರಾಂ. ಹತ್ತರ ಘನದ ತೂಕ ೬೦೦ ಗ್ರಾಂ, ಒಂಬತ್ತರದು ೪೩೭. ಅಂಚಿನಲ್ಲಿ ೧೦:೯ ಇರುವ ಪ್ರಮಾಣ ತೂಕದಲ್ಲಿ ೧೦೦೦:೭೨೯ ಆಗಿಬಿಡುತ್ತದೆ! ಕಣ್ಣಿಗೆ ಮಸುಕಾದುದು ಕೈಗೆ ಸ್ಪಷ್ಟ. ಹೊತ್ತು ತರುವುದೇ ಅಳೆಯುವುದು. ಅಂದಿನಿಂದ ಮಗನು ಎರಡು ದೊಡ್ಡ ಘನಗಳ ಮುಂದೆ ಅನುಮಾನಿಸಿ, ಒಂದನ್ನೆತ್ತಿ ಇಳಿಸಿ ಇನ್ನೊಂದನ್ನೆತ್ತುವುದನ್ನು ಕಂಡಾಗಲೆಲ್ಲ ನನಗೆ ಸಂತೋಷ. (ಗಣಿತದಲ್ಲಿ ಆಸಕ್ತಿಯಿರುವವರಿಗೊಂದು ಮಾತು. ಹತ್ತು ಘನಗಳ ಒಟ್ಟು ಗಾತ್ರ ೩೦೨೫ ಘನ ಸೆಂ.ಮೀ.; ಅದು ೫೫ರ ವರ್ಗ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಮೊತ್ತವೂ ೫೫. ಘನಗಳ ಮೊತ್ತವು ಮೊತ್ತದ ವರ್ಗವೆಂಬ ಈ ಸೂತ್ರ ಆರ್ಯಭಟನ ಗ್ರಂಥದಲ್ಲಿಯೇ ಇದೆ.)

ಇನ್ನೊಂದು ಉಪಕರಣ, ಉರುಳೆಗಳ ದಿಮ್ಮಿ. ಒಂದು ಮರದ ದಿಮ್ಮಿಯಲ್ಲಿ ಹತ್ತು ಗುಳಿಗಳು. ಒಂದೊಂದಕ್ಕೂ ತಕ್ಕ ಒಂದೊಂದು ಉರುಳೆ. ಹಿಡಿದೆತ್ತಲು ತಲೆಯ ಮೇಲೊಂದು ಸಣ್ಣ ಗುಂಡಿ. ಇಂಥ ದಿಮ್ಮಿಗಳು ನಾಲ್ಕು. ದಪ್ಪ ಮಾತ್ರ ಬದಲಾಗುತ್ತ ಹೋಗುವ ದಿಮ್ಮಿಯನ್ನು ನೋಡಿ. ಮಗು ಒಂದು ತೆಳ್ಳನೆಯ ಉರುಳೆಯನ್ನು ಅಗಲವಾದ ಗುಳಿಗೆ ಇಳಿಸಿತೆನ್ನೋಣ. ಇಳಿಯುತ್ತದೆ, ಏನೂ ಕೆಟ್ಟಂತೆ ಕಾಣುವುದಿಲ್ಲ. ಆಟ ಮುಂದುವರಿಯುತ್ತದೆ. ಕಟ್ಟಕಡೆಗೆ ಕೈಯಲ್ಲಿ ಒಂದು ದಪ್ಪನೆಯ ಉರುಳೆ, ಎದುರಿಗೆ ಒಂದು ಕಿರಿದಾದ ಗುಳಿ. ತಪ್ಪು ನಡೆದದ್ದು ಎಲ್ಲಿಯೋ, ಬಯಲಾದದ್ದು ಇಲ್ಲಿ. ಆಗ ಮಗು ಹಿಂದಿರುಗಿ ಹುಡುಕಬೇಕು. 'ತಪ್ಪು' ಎಂಬ ಮಾತನ್ನು ಯಾರೂ ಆಡಿಲ್ಲ; ಮರವೇ ಆಡಿದೆ. ತಪ್ಪಿನ ಹತೋಟಿ ಉಪಕರಣದಲ್ಲಿಯೇ ಇರಬೇಕೆಂಬುದು ಮಾಂಟೆಸ್ಸೊರಿಯವರ ಮುಖ್ಯ ತತ್ತ್ವಗಳಲ್ಲೊಂದು. ನಾವು ಪ್ರಯೋಗಶಾಲೆಯಲ್ಲಿ ಪದವಿ ತರಗತಿಯ ಹೊತ್ತಿಗೆ ಕಲಿಸಲು ಹೆಣಗುವುದೂ ಇದನ್ನೇ ಅಲ್ಲವೆ?

ಹಾಗಾದರೆ ಉಪಕರಣವೇ ಸುಳ್ಳು ಹೇಳಿದರೆ? ಅದೂ ಆಯಿತು. ಪೂರ್ತಿ ಸಾಮಗ್ರಿಯನ್ನು ಪೇಟೆಯಲ್ಲಿ ಕೊಂಡರೆ ನನ್ನ ತಿಂಗಳ ಸಂಬಳ ಸಾಲದು. ಆದುದರಿಂದ ಪರಿಚಯದ ಬಡಗಿಯೊಬ್ಬರಿಂದ ದಿಮ್ಮಿಗಳನ್ನು ಮಾಡಿಸಿದ್ದೆ. ಬೇಸಗೆಯಲ್ಲಿ ಅವು ಸೊಗಸಾಗಿದ್ದವು. ಆಷಾಢದ ಜಡಿಮಳೆ ಹಿಡಿದ ಮೂರನೆಯ ದಿನ ಮಗಳು ಒಂದು ಉರುಳೆಯನ್ನು ಅದರ ಸ್ವಂತ ಗುಳಿಗೇ ಇಟ್ಟಳು, ಅದು ಇಳಿಯಲಿಲ್ಲ. ಅವಳು ಅದನ್ನು ಹೊರತೆಗೆದು ಮಿಕ್ಕ ಗುಳಿಗಳಲ್ಲೆಲ್ಲ ಪರೀಕ್ಷಿಸಿದಳು, ಉರುಳೆಗಳನ್ನೆಲ್ಲ ಕೆಡವಿ ಮೊದಲಿನಿಂದ ಆರಂಭಿಸಿದಳು, ಮತ್ತೆ ಅಲ್ಲಿಗೇ ಬಂದು ನಿಂತಳು. ಮೂರನೆಯ ಸಲ ಅತ್ತುಬಿಟ್ಟಳು. ದೋಷ ಬಡಗಿಯದಲ್ಲ, ಆಲೋಚಿಸದೆ ಹೇಳಿ ಮಾಡಿಸಿದ ಭೌತಶಾಸ್ತ್ರದ ಮೇಷ್ಟರದು. ಮರ ತೇವ ಹೀರಿದಾಗ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಮೆ. ಉರುಳೆಯಲ್ಲಿ ಎಳೆ ನೆಟ್ಟಗೆ ನಿಂತಿತ್ತು. ಅದು ಸುತ್ತಲೂ ದಪ್ಪವಾಯಿತು. ದಿಮ್ಮಿಯಲ್ಲಿ ಎಳೆ ಉದ್ದಕ್ಕೆ ಮಲಗಿತ್ತು. ಗುಳಿಯು ಒಂದು ದಿಕ್ಕಿಗೆ ಮಾತ್ರ ಅಗಲವಾಗಿ ಇನ್ನೊಂದು ದಿಕ್ಕಿಗೆ ಹಾಗೆಯೇ ಉಳಿಯಿತು. ದುಂಡಗಿನ ಉರುಳೆ ಮೊಟ್ಟೆಯಾಕಾರದ ಗುಳಿಯಲ್ಲಿ ಸಿಕ್ಕಿಕೊಳ್ಳದೆ ಏನು ಮಾಡೀತು? ಅಂದು ನಾನು ಅವಳಿಗೆ, "ತಪ್ಪು ನಿನ್ನದಲ್ಲ ಮಗು, ಮರದ್ದು" ಎಂದೆ. ಆಮೇಲೆ ದಿಮ್ಮಿಯನ್ನು ಉಜ್ಜಿ ಸರಿಪಡಿಸಿದ್ದೂ ಆಯಿತು. ಆದರೆ ಮುಂದೆ ಒಂದು ವಾರ ಅವಳು ಅದರ ಕಡೆ ತಿರುಗಿ ನೋಡಲಿಲ್ಲ. ಉಪಕರಣದ ಮೇಲಿನ ನಂಬಿಕೆ ಕೆಟ್ಟರೆ ಏನಾಗುವುದೆಂಬುದನ್ನು ಅಷ್ಟು ಚೆನ್ನಾಗಿ ನಾನು ಇನ್ನೆಲ್ಲಿಯೂ ಕಂಡಿಲ್ಲ.

ಇದಕ್ಕಿಂತ ದೊಡ್ಡ ಸೋಲೊಂದುಂಟು. ಅದನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಮಗಳ ಜೊತೆ ಚಾಪೆಯ ಮೇಲೆ ಕುಳಿತು ನಾಲ್ಕೈದು ತಿಂಗಳಾಗಿದ್ದಿತು. ನಾನು ಬಾಯಿ ಬಿಡುತ್ತಿರಲಿಲ್ಲ; ನಿಯಮವನ್ನು ಪಾಲಿಸುತ್ತಿದ್ದೇನೆಂದು ಬೀಗುತ್ತಿದ್ದೆ. ಒಂದು ಬೆಳಗ್ಗೆ ಅವಳು ಘನವೊಂದನ್ನು ಕೈಯಲ್ಲಿ ಹಿಡಿದು, ಗೋಪುರದ ಮೇಲೆ ಇರಿಸುವ ಮುನ್ನ ತಲೆಯೆತ್ತಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಚಿರಪರಿಚಿತ. ಪುಸ್ತಕ ಹಿಡಿದು ಎದುರು ನಿಲ್ಲುವ ನನ್ನ ವಿದ್ಯಾರ್ಥಿಗಳ ನೋಟವೇ ಅದು. ಬಾಯಿ ಮುಚ್ಚಿದ್ದರೂ ನನ್ನ ಹುಬ್ಬು, ತುಟಿ, ಉಸಿರು ಎಲ್ಲವೂ ಪಾಠ ಹೇಳುತ್ತಲೇ ಇದ್ದವು. ಅವಳು ಘನಗಳನ್ನು ಬಿಟ್ಟು ನನ್ನನ್ನು ಓದಲು ಕಲಿತಿದ್ದಳು! ಅಂದಿನಿಂದ ನಾನು ಅವರ ಬೆನ್ನ ಹಿಂದೆ, ಕಿಟಕಿಯ ಪಕ್ಕದಲ್ಲಿ ಕೂರುತ್ತೇನೆ. ಕೈಯಲ್ಲಿ ಒಂದು ಪುಸ್ತಕ, ಕಂಡದ್ದನ್ನು ಬರೆದುಕೊಳ್ಳಲು. ಬರೆಯುವ ಕೈ ಸುಮ್ಮನಿರುತ್ತದೆಂಬುದೇ ಅದರ ದೊಡ್ಡ ಉಪಯೋಗ. ಮಾಂಟೆಸ್ಸೊರಿ ಪದ್ಧತಿಯಲ್ಲಿ ಶಿಕ್ಷಣ ಬೇಕಾದುದು ಮುಖ್ಯವಾಗಿ ದೊಡ್ಡವರಿಗೆ ಎಂದು ಹೇಳುವರು. ನನ್ನ ಮಟ್ಟಿಗಂತೂ ಅದು ಅಕ್ಷರಶಃ ನಿಜ.

ದಿನಚರಿಯಲ್ಲಿ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ತಿಂಡಿಯಾದ ಮೇಲೆ ಎರಡೂವರೆ ಮೂರು ಗಂಟೆ ಮಕ್ಕಳು ತಮಗೆ ಬೇಕಾದ ಕೆಲಸವನ್ನು ಗೂಡಿನಿಂದ ಎತ್ತಿಕೊಂಡು ಮಾಡುತ್ತಾರೆ. ಮುಗಿದ ಮೇಲೆ ಅಲ್ಲಿಯೇ ಇಡಬೇಕು. ಕೆಲವು ದಿನ ಏನೂ ನಡೆಯುವುದಿಲ್ಲ. ಕೆಲವು ದಿನ ಜಗಳ. ನೀರು ಚೆಲ್ಲುವುದಂತೂ ನಿತ್ಯ. ಗಾಜಿನ ಲೋಟವನ್ನೇ ಕೊಡಬೇಕೆಂಬುದು ನಿಯಮ, ಒಡೆಯುವ ವಸ್ತು ಮಾತ್ರವೇ ಜೋಪಾನ ಕಲಿಸುತ್ತದೆಂದು. ಎರಡೂವರೆ ವರ್ಷದಲ್ಲಿ ಹನ್ನೊಂದು ಲೋಟಗಳು ಹೋಗಿವೆ. ಈ ಪದ್ಧತಿಯಲ್ಲಿ ಮೊದಲ ಪಾಠಗಳೆಂದರೆ ಸುರಿಯುವುದು, ಒರೆಸುವುದು, ಆರಿಸುವುದು, ಮಡಿಸುವುದು. ಇವಕ್ಕೆಂದು ನಾನು ತಂದ ತಟ್ಟೆ ಚಿಮುಟಗಳನ್ನು ನೋಡಿ ನಮ್ಮ ತಾಯಿಯವರು ನಕ್ಕರು. ಮಾಗಿಯಲ್ಲಿ ಅವರೆ ಬಂದಿತು. ನೆನೆಸಿದ ಕಾಳನ್ನು ಅವರು ಮೊಮ್ಮಕ್ಕಳ ಮುಂದಿಟ್ಟು, ಒಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿತುಕಿ ತೋರಿಸಿ, ಸುಮ್ಮನಾದರು. ಕಿರಿಯವನು ಮುಕ್ಕಾಲು ಗಂಟೆ ಅಲ್ಲಾಡದೆ ಕುಳಿತ. ಸರಿಯಾಗಿ ಒತ್ತಿದರೆ ಕಾಳು ಸಿಪ್ಪೆಯಿಂದ ಜಾರಿ ಹಾರುತ್ತದೆ, ಇಲ್ಲವಾದರೆ ಇಲ್ಲ. ತಪ್ಪಿನ ಹತೋಟಿ ಕಾಳಿನಲ್ಲಿಯೇ ಇದೆ! ಮುಂದೆ ಬರವಣಿಗೆಯ ಕಡ್ಡಿ ಹಿಡಿಯಬೇಕಾದ ಬೆರಳುಗಳೂ ಅವೇ. ನನ್ನ ಪ್ರಶ್ನೆಗೆ ಅವರು, "ನಮ್ಮಜ್ಜಿ ಹೀಗೇ ಕೂರಿಸುತ್ತಿದ್ದರಪ್ಪ" ಎಂದರು.

ಅಕ್ಷರಗಳ ವಿಷಯ ಬೇರೆ. ಬಡಗಿಗಳು ಬಳಸುವ ಉಜ್ಜುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ರಟ್ಟಿನ ಮೇಲಂಟಿಸಿ, ಮಗು ಅವುಗಳ ಮೇಲೆ ಬೆರಳಾಡಿಸುತ್ತ ಧ್ವನಿಯನ್ನು ನುಡಿಯಬೇಕು. ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಮುಂದಿನ ಹಂತದಲ್ಲಿ ಬಿಡಿ ಅಕ್ಷರಗಳನ್ನು ಜೋಡಿಸಿ ಮಾತುಗಳನ್ನು ಕಟ್ಟಬೇಕು, ತೊಡಕು ಅಲ್ಲಿ. ಇಟಲಿಯ ಅಕ್ಷರ ಒಂದೊಂದು ಬಿಡಿ ಧ್ವನಿಗೆ ನಿಂತದ್ದು. ನಮ್ಮ 'ಕ'ದಲ್ಲಿ ವ್ಯಂಜನವೂ ಸ್ವರವೂ ಕೂಡಿಕೊಂಡಿವೆ. 'ಮರ', 'ಸರ', 'ಗಜ'ಗಳವರೆಗೆ ಇದು ಅನುಕೂಲವೇ. ಮಗುವಿನ ಕಿವಿ ಸುಲಭವಾಗಿ ಬಿಡಿಸುವುದು ಅಕ್ಷರಗಳನ್ನೇ. ಆಮೇಲೆ ಗುಣಿತ ಬರುತ್ತದೆ, ಒತ್ತಕ್ಷರ ಬರುತ್ತದೆ. ನಮ್ಮ ಪುಸ್ತಕಗಳು ಒತ್ತಕ್ಷರವನ್ನು ಕೊನೆಗಿಡುತ್ತವೆ. ಆದರೆ ಮಗುವಿಗೆ ಮೊದಲು ಬರೆಯಬೇಕೆನಿಸುವುದು ಏನನ್ನು? ಅಮ್ಮ, ಅಪ್ಪ, ಅಜ್ಜಿ, ಅಣ್ಣ, ಅಕ್ಕ, ತಮ್ಮ, ಅತ್ತೆ! ಒತ್ತಿಲ್ಲದ ನಂಟೇ ನಮ್ಮಲ್ಲಿ ಅಪರೂಪ. ಮಗಳು ಒಂದು ದಿನ ತಾನೇ 'ಅಮಮ' ಎಂದು ಜೋಡಿಸಿ ಹೆಮ್ಮೆಯಿಂದ ಕುಳಿತಳು. ಉರುಳೆಯಂತೆ ಅಕ್ಷರ ಪ್ರತಿಭಟಿಸುವುದಿಲ್ಲ. ನಾನು ತುಟಿ ಕಚ್ಚಿಕೊಂಡೆ. ದಾರಿಯಲ್ಲಿ ಹಾದುಹೋಗುತ್ತಿದ್ದ ಅಜ್ಜಿ ನಿಂತು, ಕನ್ನಡಕ ಸರಿಮಾಡಿಕೊಂಡು, ಬರೆದಿದ್ದಂತೆಯೇ "ಅ-ಮ-ಮ" ಎಂದು ಓದಿದರು. ಮಗಳು ಬಿದ್ದು ಬಿದ್ದು ನಕ್ಕಳು. ಸಂಜೆಯೊಳಗೆ ರಟ್ಟಿನ ಚೂರುಗಳಲ್ಲಿ ಒತ್ತುಗಳನ್ನು ಕತ್ತರಿಸಿ ಕೊಡಬೇಕಾಯಿತು.

ಇಷ್ಟರಿಂದಲೇ ಮನೆಯ ಶಾಲೆಯೇ ಮೇಲೆಂದು ನಾನು ಸಾರಿದರೆ ವಿಜ್ಞಾನದ ವಿದ್ಯಾರ್ಥಿಗಳಾದ ನೀವು ನನ್ನನ್ನು ತಡೆಯಬೇಕು. ಇಬ್ಬರು ಮಕ್ಕಳು, ಅವರ ತಂದೆಯೇ ಪರೀಕ್ಷಕ, ಹೋಲಿಕೆಗೆ ಬೇರೆ ಗುಂಪಿಲ್ಲ. ಇದಕ್ಕೆ ಪ್ರಯೋಗವೆಂಬ ಹೆಸರು ಸಲ್ಲದು. ಸಲ್ಲುವಂಥ ಪ್ರಯೋಗ ನಡೆದಿಲ್ಲವೆಂದಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಮಾಂಟೆಸ್ಸೊರಿ ಶಾಲೆಗೆ ಸೇರಲು ಚೀಟಿ ಎತ್ತುತ್ತಿದ್ದರು. ಚೀಟಿ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಹೋಲಿಸಿ ಲಿಲರ್ಡ್ ಮತ್ತು ಎಲ್ಸ್-ಕ್ವೆಸ್ಟ್ ಎಂಬಿಬ್ಬರು ೨೦೦೬ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿಮಾಡಿದರು. ಐದು ವರ್ಷದವರಲ್ಲಿ ಓದು, ಲೆಕ್ಕ, ಆಟದ ಬಯಲಿನ ಒಡನಾಟ ಇವುಗಳಲ್ಲಿ ಚೀಟಿ ಬಂದವರು ಮುಂದಿದ್ದರು. ಚೀಟಿಯ ಸೊಗಸೆಂದರೆ, ಎರಡೂ ಗುಂಪಿನ ತಂದೆತಾಯಿಗಳು ಆ ಶಾಲೆಯನ್ನು ಬಯಸಿದವರೇ. ಬೇರ್ಪಡಿಸಿದ್ದು ಬರಿಯ ಅದೃಷ್ಟ. ಲಿಲರ್ಡ್ ಅವರದೇ ೨೦೧೨ರ ಅಧ್ಯಯನದಲ್ಲಿ, ಮೂಲ ಉಪಕರಣಗಳಿಗೆ ನಿಷ್ಠವಾಗಿದ್ದ ತರಗತಿಗಳ ಮಕ್ಕಳು, ಅವುಗಳ ಜೊತೆಗೆ ಅಭ್ಯಾಸಹಾಳೆಗಳನ್ನೂ ಇತರ ಆಟಿಕೆಗಳನ್ನೂ ಬೆರೆಸಿದ ತರಗತಿಗಳ ಮಕ್ಕಳಿಗಿಂತ ಹೆಚ್ಚು ಮುಂದುವರಿದಿದ್ದರು.

ಆದರೆ ಗಮನಿಸಿ: ಇವೆಲ್ಲ ಶಾಲೆಗಳು, ಮನೆಗಳಲ್ಲ. ಸಾನ್ ಲೊರೆಂಜೊದಲ್ಲಿ ಸುಮಾರು ೫೦ ಮಕ್ಕಳು ಒಂದೇ ಕೋಣೆಯಲ್ಲಿದ್ದರು. ಮೂರರಿಂದ ಆರರವರೆಗಿನ ವಯಸ್ಸಿನವರು ಒಟ್ಟಿಗಿರಬೇಕು, ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯಬೇಕು, ಒಂದೇ ಗೋಪುರವಿರುವುದರಿಂದ ಕಾಯಲು ಕಲಿಯಬೇಕು ಎಂಬುದು ಈ ಪದ್ಧತಿಯ ಅಂಗವೇ ಹೊರತು ಅಲಂಕಾರವಲ್ಲ. ನಾಲ್ಕು ಗೋಡೆಗಳ ನಡುವೆ ಎರಡು ಮಕ್ಕಳನ್ನಿರಿಸಿಕೊಂಡು ಆಕೆಯ ಹೆಸರು ಹೇಳುವ ನನ್ನಂಥವರು ಇದನ್ನು ಮರೆಯುವುದು ಬಲು ಸುಲಭ. ಕಳೆದ ವರ್ಷದಿಂದ ಬೀದಿಯ ಮೂರು ಮಕ್ಕಳೂ ಬೆಳಗ್ಗೆ ಬರುತ್ತಿದ್ದಾರೆ. ಅವರು ಬಂದ ಮೇಲೆಯೇ ನಮ್ಮ ಮಗಳು ಕಾಯುವುದನ್ನು ಕಲಿತದ್ದು. ಅದನ್ನು ಕಲಿಸಲು ನನ್ನಿಂದ ಆಗಿರಲಿಲ್ಲ. ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಗುರುದ್ರೋಹಿ. ಎಳೆಯ ಮಕ್ಕಳಿಗೆ ಕಟ್ಟುಕಥೆ ಬೇಡ, ನಿಜದ ಲೋಕ ಸಾಕೆಂಬ ಒಲವು ಆಕೆಯದು. ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಾತಾಡುವ ಹಸುವೂ ಹುಲಿಯೂ ಬರುವುದನ್ನು ನಿಲ್ಲಿಸುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ.

ಜೂನ್ ತಿಂಗಳಿಗೆ ಮಗಳಿಗೆ ಆರು ತುಂಬುತ್ತದೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳದು. ಮನೆಯ ಪಾಠಕ್ಕೆ ಅದರಲ್ಲಿ ಸ್ಪಷ್ಟವಾದ ಏರ್ಪಾಟಿಲ್ಲ. ಕಾಯಿದೆ ಹೇಗಿದ್ದರೂ, ನಾವು ಅವಳನ್ನು ಬೀದಿಯ ಕೊನೆಯ ಕನ್ನಡ ಶಾಲೆಗೆ ಸೇರಿಸುವುದೆಂದು ತೀರ್ಮಾನಿಸಿದ್ದೇವೆ. ಅವಳಿಗೆ ಇನ್ನು ಬೇಕಾದುದು ಐದು ಜನರ ಚಾಪೆಯಲ್ಲ. ನಮ್ಮ ತಾಯಿಯವರಿಗೆ ಇದರಿಂದ ನೆಮ್ಮದಿ, ಪತ್ನಿಗೂ. ನನಗೆ ಭಯವಿದೆ, ಮುಚ್ಚಿಡುವುದೇಕೆ? ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಒಬ್ಬ ಉಪಾಧ್ಯಾಯಿನಿ ಪ್ರತಿಯೊಬ್ಬರ ತಪ್ಪನ್ನೂ ಕೆಂಪು ಶಾಯಿಯಲ್ಲಿ ಗುರುತಿಸದೆ ಏನು ಮಾಡಿಯಾರು? ಹದಿನೈದು ವರ್ಷದ ಮೇಲೆ ಅವಳೂ ಯಾವುದೋ ಪ್ರಯೋಗಶಾಲೆಯಲ್ಲಿ ಪುಸ್ತಕ ಹಿಡಿದು ಯಾರದೋ ಮುಖ ನೋಡುತ್ತ ನಿಂತಾಳೆಯೇ?

ಕಳೆದ ಶನಿವಾರ ಅವಳನ್ನು ಕಾಲೇಜಿಗೆ ಕರೆದೊಯ್ದಿದ್ದೆ. ಅವಳು ತೂಕದ ಪೆಟ್ಟಿಗೆಯನ್ನು ಹಿಡಿದು ಕುಳಿತಳು: ೧೦೦, ೫೦, ೨೦, ೨೦, ೧೦, ೫, ೨, ೨, ೧ ಗ್ರಾಮಿನ ಹಿತ್ತಾಳೆಯ ತೂಕಗಳು. ಗೋಪುರದ ಅಭ್ಯಾಸದಂತೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದಳು. ಎರಡು ಕಡೆ ಜೋಡಿ ಬಂದಿತು. "ಅಪ್ಪ, ಇದು ಇನ್ನೊಂದು ಸಲ ಇದೆ. ಯಾರೋ ತಪ್ಪಾಗಿ ಹಾಕಿದ್ದಾರೆ" ಎಂದಳು. ಪಕ್ಕದಲ್ಲಿದ್ದ ಪದವಿ ತರಗತಿಯ ಹುಡುಗನೊಬ್ಬ ಉತ್ತರ ಹೇಳಲು ಬಾಯಿ ತೆರೆದ. ನಾನು ಅವನ ತೋಳನ್ನು ಹಿಡಿದು ತಡೆದೆ. ಆಮೇಲೆ ಹೊರಗೆ ಕರೆದು, "ಏಕಯ್ಯ ಎರಡೆರಡು?" ಎಂದೆ. "ಒಂದು ಕಳೆದುಹೋದರೆ ಇರಲೆಂದು, ಅಲ್ಲವೆ ಸಾರ್?" ಎಂದು ನನ್ನ ಮುಖ ನೋಡಿದ.

ಇಬ್ಬರಿಗೂ ನಾನು ಏನನ್ನೂ ಹೇಳಲಿಲ್ಲ. ಪುಸ್ತಕದಲ್ಲಿ ರುಜುಮಾಡಿ ಪೆಟ್ಟಿಗೆಯನ್ನು ಮನೆಗೆ ತಂದಿದ್ದೇನೆ. ಪಕ್ಕದಲ್ಲೊಂದು ತಕ್ಕಡಿ, ಹುರಿಗಡಲೆಯ ಡಬ್ಬ. ಒಂದು ಗ್ರಾಮಿನಿಂದ ಹತ್ತರವರೆಗೆ ಒಂದೊಂದೇ ತೂಗುತ್ತ ಅವಳು ಈ ಹೊತ್ತು ಮೂರರವರೆಗೆ ಬಂದಿದ್ದಾಳೆ. ಪೆಟ್ಟಿಗೆಯನ್ನು ಸೋಮವಾರ ಹಿಂದಿರುಗಿಸಬೇಕು.